ಗುಲ್ಟೇಕಡಿಯ ಸಿಪ್ಪೆ

ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಸಿಪ್ಪೆಗೆ ಬೆಲೆಯಿಲ್ಲ.
ಗಾಳಿ ಬಂದರೆ ಹಾರುತ್ತದೆ, ಬರದಿದ್ದರೆ
ಉಳ್ಳಾಗಡ್ಡಿ ಆರಿಸುವ ಹೆಂಗಸರ ಕೂದಲಲ್ಲಿ ಸಿಕ್ಕಿ ಮನೆಗೆ ಹೋಗುತ್ತದೆ.
ನಾನು ಚೀಲ ಹಿಡಿದು ಬಗ್ಗಿದ್ದು ನೋಡಿ
ಭೌರವ್ವ ಕಾಕು ನಕ್ಕಳು:
"ಎಮ್ಮೆಸ್ಸಿ ಓದಿ ಸಿಪ್ಪಿ ಆರಸಾಕ ಬಂದ್ಯಾ?
ನಾವು ಓದಲಾರದನ ಇದನ್ನ ಮಾಡತೀವಲ್ಲ!"

ಕೆಂಪು ಸಿಪ್ಪೆ ಬೇಕು, ಬಿಳಿಯದು ಬೇಡ.
ಹೊರಗಿನ ಪದರವೇ ಬೇಕು, ಬಿಸಿಲು ತಿಂದದ್ದು.
ಬಿಸಿಲಿಗೆ, ಹುಳಕ್ಕೆ, ಬೂಷ್ಟಿಗೆ ಎದುರು ನಿಲ್ಲಲು
ಗಡ್ಡೆ ತನಗಾಗಿ ಮಾಡಿಕೊಂಡ ಹಳದಿ ಅದು.
ಲ್ಯಾಬಿನಲ್ಲಿ ಫ್ಲೇವನಾಯ್ಡ್ ಅನ್ನುತ್ತೇವೆ.
ಕಾಕುಗೆ ಹೇಳಿದೆ. "ನನ್ನ ಉಗುರಿನ್ಯಾಗ
ಮೂವತ್ತು ವರ್ಷದಿಂದ ಐತಿ" ಎಂದಳು.

ಪಾಷಾಣ್ ರಸ್ತೆಯಲ್ಲಿ, ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯೊಳಗೆ
ಒಂದು ಕರುಳಿದೆ. ಪೂರ್ತಿ ಕರುಳಲ್ಲ,
ಉಗುರಗಲದ ಜಾಳಿಗೆಯ ಮೇಲೆ ಒಂದೇ ಪದರ ಜೀವಕೋಶ.
ಯಾವ ಕಾಲದ, ಯಾವ ಊರಿನ, ಯಾರ ಹೊಟ್ಟೆಯದೋ;
ಅವನು ಹೋದ, ಇವು ಉಳಿದವು.
ಇಪ್ಪತ್ತೊಂದು ದಿನ ಸಾಕಬೇಕು, ಕೋಳಿ ಕಾವಿಗೆ ಕೂತಷ್ಟು.
ದಿನ ಬಿಟ್ಟು ದಿನ ಗುಲಾಬಿ ನೀರು ಬದಲಿಸಬೇಕು,
ಹಳದಿಗೆ ತಿರುಗಿದರೆ ಹಸಿದಿವೆ ಎಂದರ್ಥ.
ಗಣಪತಿ ಕಳಿಸುವ ದಿನ ಲಕ್ಷ್ಮೀ ರಸ್ತೆ ತುಂಬ ಢೋಲು.
ಸ್ಕೂಟಿ ತಿರುಗಿಸಿ, ಊರು ಸುತ್ತಿ, ನದಿ ದಾಟಿ
ಹೋಗಿ ಉಣಿಸಿ ಬಂದೆ.

ನನ್ನ ತಮ್ಮ ಸಿದರಾಯನ ಕರುಳು ಬೇರೆ ಥರ.
ಸ್ವಾರಗೇಟಿನಿಂದ ಹಡಪ್ಸರದವರೆಗೆ
ಎಲ್ಲ ಸುಲಭ ಶೌಚಾಲಯಗಳೂ ಅವನಿಗೆ ಬಾಯಿಪಾಠ:
ಯಾವುದರ ಚಿಲಕ ಸರಿಯಿಲ್ಲ,
ಯಾವುದರಲ್ಲಿ ನೀರು ಎಂಟರ ಮೇಲೆ.
ಟೆಂಪೋ ಓಡಿಸುವವನ ಅಂಗಿ ಜೇಬಲ್ಲಿ ಸದಾ ಚಿಲ್ಲರೆ.
ರಕ್ತ ಕಂಡದ್ದನ್ನು ಆರು ತಿಂಗಳು ಯಾರಿಗೂ ಹೇಳಲಿಲ್ಲ.
ಸಸೂನ್ ಆಸ್ಪತ್ರೆಯ ಪರದೆಯ ಮೇಲೆ ಅವನ ಒಳಗನ್ನು ನೋಡಿದೆ,
ಕಾದ ಹಂಚಿಗೆ ಅಂಟಿದ ರೊಟ್ಟಿ ಕಿತ್ತ ಹಾಗೆ.
ಕರುಳು ಕಿವುಚಿತು ಎಂದು ಕತೆಗಳಲ್ಲಿ ಬರೆಯುತ್ತಾರೆ.
ನನಗೆ ಹಾಗೇನೂ ಆಗಲಿಲ್ಲ. ಅಂಗೈ ತಣ್ಣಗಾಯಿತು.

ಇಪ್ಪತ್ತೆರಡನೆಯ ದಿನ ಬೆಂಕಿ ಹಾಕಿದೆ.
ಬೆಂಕಿಯೆಂದರೆ ಬಣ್ಣವಿಲ್ಲದ ಒಂದು ಹನಿ,
ಉರಿಯೂತದ ದೂತ,
ಮೈಯೇ ಮೈಗೆ ಕಳಿಸುವ ಸುಳ್ಳು ಸುದ್ದಿ.
ಆರು ಬಾವಿಗೆ ಬರೀ ಅದು,
ಆರಕ್ಕೆ ಮೊದಲು ಸಿಪ್ಪೆಯ ಸಾರ, ಆಮೇಲೆ ಅದು.
ಕೋಶಗಳು ಒತ್ತಿ ಕೈ ಹಿಡಿದು ನಿಂತಿದ್ದರೆ
ವಿದ್ಯುತ್ತಿಗೆ ನುಸುಳಲು ಕಷ್ಟ;
ಕಡ್ಡಿ ಅದ್ದಿ ಆ ಕಷ್ಟವನ್ನು ಓಮ್‌ಗಳಲ್ಲಿ ಓದಬೇಕು.
ಮುನ್ನೂರ ತೊಂಬತ್ತಿದ್ದದ್ದು ನೂರ ಹತ್ತು,
ನೂರ ಮೂರು, ನೂರ ಹದಿನಾಲ್ಕು...
ಸಿಪ್ಪೆಯ ಸಾಲಿಗೆ ಬಂದೆ.
ಮುನ್ನೂರ ಇಪ್ಪತ್ತು.
ಮೀಟರು ಕೆಟ್ಟಿದೆ ಅಂದುಕೊಂಡು ಕಡ್ಡಿ ತೊಳೆದು ಮತ್ತೆ ಅದ್ದಿದೆ.
ಮುನ್ನೂರ ಇಪ್ಪತ್ತೆರಡು.
ಒಂದು ಬಾವಿ ಮಾತ್ರ ಯಾಕೋ ಸೋತಿತ್ತು. ಅದನ್ನೂ ಬರೆದುಕೊಂಡೆ.

'ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಮಾತ್ರ' ಎಂದು
ಸರ್ ಕೆಂಪು ಪೆನ್ನಿನಲ್ಲಿ ಎರಡು ಕಡೆ ಸೇರಿಸಿದರು.
ಗೊತ್ತು. ತಟ್ಟೆಗೆ ಟೆಂಪೋ ಇಲ್ಲ,
ಯಾರಿಗೂ ಹೇಳದ ಆರು ತಿಂಗಳಿಲ್ಲ.
ನುಂಗಿದ್ದು ಅಲ್ಲಿತನಕ ಮುಟ್ಟುತ್ತದೋ, ದಾರಿಯಲ್ಲೇ ಮುರಿಯುತ್ತದೋ.
"ಹಂಗಾರ ನಾ ಸಿಪ್ಪಿ ತಿನ್ನಲೇನು?"
"ಬ್ಯಾಡ. ಗುಳಿಗಿ ತಪ್ಪಿಸಬ್ಯಾಡ."

ರವಿವಾರ ಲ್ಯಾಬಿನ ಗೇಟಿಗೆ ಅವನೇ ಬಂದ,
ಟೆಂಪೋದಲ್ಲಿ ಮೂಟೆ ಸಿಪ್ಪೆ, ಕಾಕು ಕಳಿಸಿದ್ದು.
ವಾಚ್‌ಮನ್ ರಜಿಸ್ಟರು ತೆಗೆದ: ಸಾಮಾನು, ಕಾಂದ್ಯಾಚೀ ಸಾಲ.
ಕಿಂಮತ್ ಅನ್ನುವ ಕಾಲಮಿಗೆ ಬಂದು
ಪೆನ್ನು ಎತ್ತಿ ನಮ್ಮಿಬ್ಬರ ಮುಖ ನೋಡಿದ.
ಸಿದರಾಯ ಅವನ ಕಡೆ ಬಾಗಿ, ಮೆಲ್ಲಗೆ,
ಒಳಗೆ ಸಂಡಾಸು ಎಲ್ಲಿ ಎಂದು ಕೇಳಿದ.
ಎಡಕ್ಕೆ, ಬೇವಿನ ಮರದ ಹಿಂದೆ.
ಅವನು ಓಡಿದ. ನಾನು ಮೂಟೆ ಹೊತ್ತು ನಿಂತೆ.
ಅಷ್ಟು ದೊಡ್ಡದು, ಏನೂ ಭಾರವಿರಲಿಲ್ಲ.